ಐವತ್ತೆರಡು ವಾರದ ಲೆಕ್ಕ

ನನಗೀಗ 19. ಸ್ಪೇನ್‌ನ ಕಾರ್ಲೋಸ್ ಅಲ್ಕರಾಜ್ ಇದೇ 19ನೇ ವಯಸ್ಸಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ, ಯುಎಸ್ ಓಪನ್ ಗೆದ್ದು ವಿಶ್ವದ ನಂಬರ್ ಒನ್ ಆದ. ಗಂಡಸರ ಟೆನಿಸ್‌ನಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಆ ಜಾಗಕ್ಕೆ ಹೋದವರು ಅಲ್ಲಿವರೆಗೆ ಯಾರೂ ಇರಲಿಲ್ಲ. ನಾನು 19ನೇ ವಯಸ್ಸಿಗೆ ಏನು ಮಾಡಿದೀನಿ ಅಂದ್ರೆ, ಮೂರನೇ ಸೆಮ್‌ನ ಮ್ಯಾಥ್ಸ್‌ನಲ್ಲಿ ಜಸ್ಟ್ ಪಾಸ್ ಆಗಿದೀನಿ.

ಸಂಘದ ಪತ್ರಿಕೆಗೆ ಏನಾದ್ರೂ ಬರಿ ಅಂತ ಸೀನಿಯರ್ ಒಬ್ಬರು ಕೇಳಿದಾಗ, ಟೆನಿಸ್ ಬಗ್ಗೆ ಬರೀತೀನಿ ಅಂದೆ. "ಹಂಗಾದ್ರೆ ಅಲ್ಕರಾಜ್ ಬಗ್ಗೆ ಬರಿ ಮಗಾ, ಎಲ್ರೂ ಓದ್ತಾರೆ" ಅಂದ್ರು. ಎರಡು ದಿನ ಕೂತೆ. ಬರೆದಿದ್ದೆಲ್ಲ ಯಾರೋ ಇಂಗ್ಲಿಷಲ್ಲಿ ಬರೆದಿದ್ದನ್ನ ನಾನು ಕನ್ನಡಕ್ಕೆ ಇಳಿಸಿದ ಹಾಗೆ ಕಾಣ್ತಿತ್ತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವನ ಕನ್ನಡ ಇದು, ಒತ್ತಕ್ಷರ ತಪ್ಪಿದ್ರೆ ಕ್ಷಮಿಸಿ. ಆದ್ರೆ ತೊಂದರೆ ಒತ್ತಕ್ಷರದ್ದಲ್ಲ. ಅಲ್ಕರಾಜ್ ನನಗೆ ಗೊತ್ತಿಲ್ಲ. ನನಗೆ ಗೊತ್ತಿರೋದು ಬೇರೆ ಒಬ್ಬ. ಅವನನ್ನ ನೋಡೋಕೆ ನಾನು ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ, ಒಂಬತ್ತನೇ ಸ್ಟೇಷನ್‌ನಲ್ಲಿ ಇಳಿದಿದ್ದೆ.

ಅವನ ಹೆಸರು ಸುಮಿತ್ ನಾಗಲ್.

ನಾಗಲ್ ಕನ್ನಡಿಗ ಅಲ್ಲ. ಹರಿಯಾಣದ ಝಜ್ಜರ್ ಜಿಲ್ಲೆಯವನು, ಹುಟ್ಟಿದ್ದು 1997ರ ಆಗಸ್ಟ್ 16. ಆದ್ರೆ ಅವನ ಕಥೆಯ ಮೊದಲನೇ ದೊಡ್ಡ ತಿರುವು ನಮ್ಮೂರಲ್ಲೇ ಆಗಿದ್ದು. ಮಹೇಶ್ ಭೂಪತಿ ದೇಶದ ಬೇರೆ ಬೇರೆ ಕಡೆ ಮಕ್ಕಳನ್ನ ಹುಡುಕಿ ತರಬೇತಿ ಕೊಡೋ ಒಂದು ಯೋಜನೆ ಮಾಡಿದ್ರು. ಅದರಲ್ಲಿ ಆಯ್ಕೆಯಾಗಿ ಹತ್ತು ವರ್ಷದ ಹುಡುಗ ಅಪ್ಪ ಅಮ್ಮನ್ನ ಬಿಟ್ಟು ಬೆಂಗಳೂರಿಗೆ ಬಂದ. ಹತ್ತು ವರ್ಷ ಅಂದ್ರೆ ಐದನೇ ಕ್ಲಾಸ್. ನಾನು ಐದನೇ ಕ್ಲಾಸಲ್ಲಿ ಅಜ್ಜಿ ಮನೆಗೆ ಹೋಗಿ ಎರಡು ರಾತ್ರಿ ಮಲಗಿದ್ರೆ ಮೂರನೇ ರಾತ್ರಿ ಅಳ್ತಿದ್ದೆ.

ನಾನು ರ‍್ಯಾಕೆಟ್ ಹಿಡಿದಿದ್ದೂ ಹತ್ತನೇ ವಯಸ್ಸಿಗೇ. 2017ರ ಬೇಸಿಗೆ ರಜೆ. ಮನೆಯಲ್ಲಿ ನನ್ನ ಕಾಟ ತಡೆಯೋಕಾಗದೆ ಅಮ್ಮ ಒಂದು ಸಮ್ಮರ್ ಕ್ಯಾಂಪ್‌ಗೆ ಸೇರಿಸಿದ್ರು. ಸ್ವಿಮ್ಮಿಂಗ್‌ಗೆ ಸೀಟ್ ಇರಲಿಲ್ಲ, ಟೆನಿಸ್‌ಗೆ ಇತ್ತು. ಅಷ್ಟೇ ಕಾರಣ. ಕ್ಯಾಂಪ್ ಮುಗಿಯೋ ದಿನ ಕೋಚ್ ಅಪ್ಪನ್ನ ಕರೆದು, "ಹುಡುಗನ ಕೈ ಚೆನ್ನಾಗಿದೆ, ನಿಲ್ಲಿಸಬೇಡಿ" ಅಂದ್ರು. ಎಲ್ಲ ಅಪ್ಪಂದಿರಿಗೂ ಹಂಗೇ ಹೇಳ್ತಾರೆ ಅಂತ ಈಗ ಅನ್ಸತ್ತೆ. ಅಪ್ಪ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಲ್ಲಿ ಲೇತ್ ಮೇಲೆ ಕೆಲಸ ಮಾಡ್ತಾರೆ. ಅವರಿಗೆ 'ಕೈ ಚೆನ್ನಾಗಿದೆ' ಅನ್ನೋದು ಸಣ್ಣ ಮಾತಲ್ಲ. ಅವರ ಕೆಲಸದಲ್ಲಿ ಒಬ್ಬನ ಬಗ್ಗೆ ಹೇಳಬಹುದಾದ ಅತಿ ದೊಡ್ಡ ಮಾತು ಅದೇ.

ಅದೇ ವರ್ಷ ನವೆಂಬರ್‌ನಲ್ಲಿ ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಕೋರ್ಟಲ್ಲಿ ನಾಗಲ್ ಬೆಂಗಳೂರು ಓಪನ್ ಗೆದ್ದ. ಫೈನಲ್‌ನಲ್ಲಿ ಬ್ರಿಟನ್ನಿನ ಜೇ ಕ್ಲಾರ್ಕ್ ಮೇಲೆ. ಆಗ ಅವನಿಗೆ 20. ಅದು ಅವನ ಮೊದಲ ಚಾಲೆಂಜರ್ ಪ್ರಶಸ್ತಿ. ನನಗೆ ಆಗ ಇದು ಯಾವುದೂ ಗೊತ್ತಿರಲಿಲ್ಲ. ಅಪ್ಪ ಪ್ರಜಾವಾಣಿಯ ಕ್ರೀಡಾ ಪುಟ ಕತ್ತರಿಸಿ ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ರು. ನನ್ನ ಬಟ್ಟೆ ತೆಗೆಯೋವಾಗೆಲ್ಲ ಒಬ್ಬ ಕುಳ್ಳನೆಯ ಹುಡುಗ ಕಪ್ ಹಿಡ್ಕೊಂಡು ನಿಂತಿರೋದು ಕಾಣ್ತಿತ್ತು. ಟೆನಿಸ್ ಆಟಗಾರರ ನಡುವೆ ನಾಗಲ್ ಕುಳ್ಳನೇ. ಆರಡಿ ಮೂರಿಂಚಿನವರು ಸರ್ವ್ ಹೊಡೆಯೋ ಆಟದಲ್ಲಿ ಅವನು ಓಡಿ ಓಡಿ ಗೆಲ್ಲಬೇಕು.

ಮುಂದಿನ ಐದು ವರ್ಷ ನಮ್ಮನೆ ಬೆಳಗಾಗ್ತಿದ್ದಿದ್ದು ಐದೂವರೆಗೆ. ಅಪ್ಪ ಸ್ಕೂಟರ್‌ನಲ್ಲಿ ಆರು ಕಿಲೋಮೀಟರ್ ದೂರದ ಕೋರ್ಟಿಗೆ ಬಿಟ್ಟು, ಅಲ್ಲೇ ಗೇಟಿನ ಪಕ್ಕದ ಅಂಗಡಿಯಲ್ಲಿ ಟೀ ಕುಡಿದು, ನನ್ನನ್ನ ವಾಪಸ್ ಕರ್ಕೊಂಡು ಬಂದು, ಆಮೇಲೆ ಕೆಲಸಕ್ಕೆ ಹೋಗ್ತಿದ್ರು. ಮೈಸೂರು ರಸ್ತೆಯ ಟ್ರಾಫಿಕ್ ಶುರುವಾಗೋಕೆ ಮುಂಚೆ ಮನೆ ಸೇರಬೇಕು ಅನ್ನೋದೊಂದೇ ಅವರ ರೂಲ್.

2019ರ ಆಗಸ್ಟ್ 27ರ ಬೆಳಗ್ಗೆ ಮಾತ್ರ ನಾವು ಕೋರ್ಟಿಗೆ ಹೋಗಲಿಲ್ಲ. ನ್ಯೂಯಾರ್ಕಲ್ಲಿ ಹಿಂದಿನ ದಿನದ ರಾತ್ರಿ, ನಮಗೆ ಬೆಳಗ್ಗೆ. ಕ್ವಾಲಿಫೈಯಿಂಗ್ ಆಡಿ ಬಂದ ನಾಗಲ್‌ಗೆ ಯುಎಸ್ ಓಪನ್‌ನ ಮೊದಲ ಸುತ್ತಿನಲ್ಲಿ ಸಿಕ್ಕಿದ್ದು ರೋಜರ್ ಫೆಡರರ್. ಗ್ರಾಂಡ್ ಸ್ಲಾಂನ ಮುಖ್ಯ ಸುತ್ತಿನಲ್ಲಿ ಅವನ ಮೊದಲನೇ ಮ್ಯಾಚ್, ಎದುರಿಗೆ ಫೆಡರರ್. ಮೊದಲನೇ ಸೆಟ್ ನಾಗಲ್ 6-4ರಿಂದ ಗೆದ್ದ. ಅಪ್ಪ ಹಲ್ಲುಜ್ಜೋ ಬ್ರಷ್ ಬಾಯಲ್ಲಿ ಇಟ್ಕೊಂಡೇ ನಿಂತಿದ್ರು. ಆಮೇಲಿನ ಮೂರು ಸೆಟ್ 6-1, 6-2, 6-4 ಫೆಡರರ್‌ಗೆ ಹೋಯ್ತು. ಅದು ಯಾರಿಗೆ ಬೇಕು? ಅವತ್ತು ಸ್ಕೂಲಲ್ಲಿ ನಾನು ಮೊದಲನೇ ಸೆಟ್ ಬಗ್ಗೆ ಮಾತ್ರ ಮಾತಾಡಿದೆ, ಆ ಸೆಟ್ ನಾನೇ ಗೆದ್ದಿದ್ದೇನೋ ಅನ್ನೋ ಹಾಗೆ.

ಬೆಳವಣಿಗೆ ಅಂದ್ರೆ ಮೆಟ್ಟಿಲು ಅಂತ ಆಗ ಅಂದ್ಕೊಂಡಿದ್ದೆ. ಬೆಂಗಳೂರು ಓಪನ್ ಒಂದು ಮೆಟ್ಟಿಲು, ಫೆಡರರ್ ಇನ್ನೊಂದು ಮೆಟ್ಟಿಲು, ಮುಂದಿನದ್ದು ಮುಂದೆ. ಹತ್ತಿದ ಮೆಟ್ಟಿಲು ಕಾಲ ಕೆಳಗೆ ಇದ್ದೇ ಇರತ್ತೆ.

ಹಂಗಲ್ಲ ಅಂತ ಗೊತ್ತಾಗಿದ್ದು ರ‍್ಯಾಂಕಿಂಗ್ ಹೇಗೆ ಲೆಕ್ಕ ಹಾಕ್ತಾರೆ ಅಂತ ಓದಿದಾಗ. ಡೇಟಾ ಸ್ಟ್ರಕ್ಚರ್ಸ್ ಓದಿರೋ ನಮಗೆ ಇದನ್ನ ಹೇಳೋದು ಸುಲಭ. 52 ಜಾಗ ಇರೋ ಒಂದು ಕ್ಯೂ. ಪ್ರತಿ ಸೋಮವಾರ ಹೋದ ವಾರದ ಪಾಯಿಂಟ್ ಹಿಂದಿನಿಂದ ಸೇರತ್ತೆ. ಅದೇ ಸೋಮವಾರ, ಒಂದು ವರ್ಷದ ಹಿಂದಿನ ವಾರದ ಪಾಯಿಂಟ್ ಮುಂದಿನಿಂದ ಬಿದ್ದು ಹೋಗತ್ತೆ. ಹೋದ ವರ್ಷ ಈ ವಾರ ಒಂದು ಚಾಲೆಂಜರ್ ಗೆದ್ದು 100 ಪಾಯಿಂಟ್ ತಗೊಂಡಿದ್ರೆ, ಈ ವರ್ಷ ಅಷ್ಟೇ ತಗೊಂಡ್ರೆ ಮಾತ್ರ ಇದ್ದಲ್ಲೇ ಇರ್ತೀರ. ಜ್ವರ ಬಂದು ಮಲಗಿದ್ರೆ ನೂರೂ ಹೋಯ್ತು. ನಮ್ಮ ಸಿಜಿಪಿಎ ಹಂಗಲ್ಲ. ಫಸ್ಟ್ ಸೆಮ್‌ನಲ್ಲಿ ಭಯದಿಂದ ಓದಿ ತೆಗೆದ 8.9 ಇವತ್ತಿಗೂ ನನ್ನನ್ನ ಕಾಪಾಡ್ತಿದೆ. ಟೆನಿಸ್‌ನಲ್ಲಿ ಫಸ್ಟ್ ಸೆಮ್ ಅಳಿಸಿ ಹೋಗತ್ತೆ.

ಪಾಯಿಂಟ್ ಸಿಗೋದೂ ಸಮ ಸಮ ಅಲ್ಲ. ಕೆಳಗಿನ ಮಟ್ಟದಲ್ಲಿ ಎಂ15 ಅನ್ನೋ ಟೂರ್ನಮೆಂಟ್‌ಗಳಿವೆ. ಒಂದು ವಾರ ಪೂರ್ತಿ ಆಡಿ, ಐದು ಮ್ಯಾಚ್ ಗೆದ್ದು ಚಾಂಪಿಯನ್ ಆದ್ರೆ 15 ಪಾಯಿಂಟ್. ಮೊದಲ ಸುತ್ತಲ್ಲಿ ಸೋತ್ರೆ ಸೊನ್ನೆ. ಗ್ರಾಂಡ್ ಸ್ಲಾಂ ಗೆದ್ದವನಿಗೆ 2000. ಈ 15ಕ್ಕೂ ಆ 2000ಕ್ಕೂ ನಡುವೆ ಇರೋದು ಚಾಲೆಂಜರ್ ಟೂರ್. ನಮ್ಮ ಬೆಂಗಳೂರು ಓಪನ್ ಆ ಮಟ್ಟದ್ದು. ಟೂರ್ನಮೆಂಟ್ ನಡೆಯೋ ಊರಿಗೆ ವಿಮಾನದ ಟಿಕೆಟ್, ಕೋಚ್‌ಗೂ ಟಿಕೆಟ್, ಊಟ, ಫಿಸಿಯೋ, ರ‍್ಯಾಕೆಟ್‌ಗೆ ದಿನಾ ಹೊಸ ಸ್ಟ್ರಿಂಗ್. ಕ್ರಿಕೆಟ್‌ನಲ್ಲಿ ಆಯ್ಕೆಯಾದ್ರೆ ಬೋರ್ಡ್ ಕರ್ಕೊಂಡು ಹೋಗತ್ತೆ. ಟೆನಿಸ್ ಆಟಗಾರ ಒಬ್ಬನೇ ಒಂದು ಸಣ್ಣ ಕಂಪನಿ. ಗೆದ್ರೆ ಆದಾಯ, ಸೋತ್ರೆ ಬರೀ ಖರ್ಚು.

ನಮ್ಮನೆಯಲ್ಲೂ ಒಂದು ಲೆಕ್ಕದ ಪುಸ್ತಕ ಇತ್ತು. ನೀಲಿ ರಟ್ಟಿನ ಉದ್ದನೆಯ ನೋಟ್‌ಬುಕ್. ಅಪ್ಪ ಅದನ್ನ ಬೀರುವಿನ ಮೇಲೆ, ಹಳೇ ಸೂಟ್‌ಕೇಸಿನ ಕೆಳಗೆ ಇಡ್ತಿದ್ರು. 2022ರ ಏಪ್ರಿಲ್‌ನಲ್ಲಿ ಏನೋ ಹುಡುಕ್ತಾ ಅದನ್ನ ತೆಗೆದೆ. ಎಡಗಡೆ ಪುಟ ಮನೆ ಖರ್ಚು. ಬಲಗಡೆ ಪುಟದ ಮೇಲೆ ನನ್ನ ಹೆಸರು. ಕೋಚಿಂಗ್ 4,500. ಸ್ಟ್ರಿಂಗ್ 700. ಶೂ 3,200. ಟೂರ್ನಮೆಂಟ್ ಎಂಟ್ರಿ. ಬಸ್ಸು. ಲಾಡ್ಜ್. 2020ರ ಏಪ್ರಿಲ್‌ನಿಂದ ಕೆಲವು ತಿಂಗಳು ಬಲಗಡೆ ಪುಟ ಖಾಲಿ, ಆಗ ಕೋರ್ಟೂ ಮುಚ್ಚಿತ್ತು, ವರ್ಕ್‌ಶಾಪೂ ಮುಚ್ಚಿತ್ತು. ಆಮೇಲೆ ಮತ್ತೆ ಕೋಚಿಂಗ್ ಶುರು. ಆದ್ರೆ ಈಗ ಎಡಗಡೆ ಪುಟದಲ್ಲಿ ಹೊಸ ಸಾಲು, ಯಾರ ಹತ್ರ ಎಷ್ಟು ಕೈಸಾಲ ತಗೊಂಡಿದ್ದು ಅಂತ. ಒಂದು ತಿಂಗಳು ಕೈಸಾಲದ ಮೊತ್ತ ಮತ್ತು ನನ್ನ ಬಲಗಡೆ ಪುಟದ ಮೊತ್ತ ಹೆಚ್ಚು ಕಡಿಮೆ ಒಂದೇ ಇತ್ತು. ಅಪ್ಪನ ಪುಸ್ತಕದಲ್ಲಿ 52 ವಾರ ಆಯ್ತು ಅಂತ ಯಾವ ಸಾಲವೂ ತಾನಾಗಿ ಬಿದ್ದು ಹೋಗಲ್ಲ.

ಪುಸ್ತಕ ಇದ್ದಲ್ಲೇ ಇಟ್ಟೆ. ಒಂದು ತಿಂಗಳಾದ ಮೇಲೆ, ಪಿಯು ಶುರುವಾಗೋಕೆ ಮುಂಚೆ, ಟೆನಿಸ್ ಬಿಡ್ತೀನಿ ಅಂದೆ.

"ಯಾಕೆ?"

"ಬೋರ್ ಆಗ್ತಿದೆ."

ಅಪ್ಪ ನನಗೆ ಅಷ್ಟು ಬೈದಿದ್ದು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. "ನಿಂಗೆ ಯಾವುದನ್ನೂ ಪೂರ್ತಿ ಮಾಡೋ ಯೋಗ್ಯತೆ ಇಲ್ಲ" ಅಂದ್ರು. ಬೋರ್ ಅನ್ನೋ ಪದ ಅವರಿಗೆ ತುಂಬಾ ಚುಚ್ಚಿತು ಅನ್ಸತ್ತೆ. ಇಪ್ಪತ್ತೆರಡು ವರ್ಷದಿಂದ ಒಂದೇ ಲೇತ್ ಮುಂದೆ ನಿಂತಿರೋ ಮನುಷ್ಯನಿಗೆ ಮಗ ಬೋರ್ ಅಂತ ಹೇಳಿದ್ದೆ. ನಾನು ಎದುರು ಮಾತಾಡಲಿಲ್ಲ. ಒಳಗೊಳಗೆ ನನಗೆ ಒಂಥರಾ ಹೆಮ್ಮೆ. ಮನೆಗೋಸ್ಕರ ತ್ಯಾಗ ಮಾಡಿದ ಮಗ, ಬೈಸಿಕೊಂಡ್ರೂ ಸತ್ಯ ಹೇಳದ ಮಗ. ಸಿನಿಮಾ ಥರ. ಎರಡು ವರ್ಷ ನಾನು ಆ ಹೆಮ್ಮೆಯ ಮೇಲೇ ಬದುಕಿದೆ.

2023ರ ಸೆಪ್ಟೆಂಬರ್‌ನಲ್ಲಿ ನಾಗಲ್ ಮತ್ತೆ ಸುದ್ದಿಯಲ್ಲಿ ಬಂದ. ಈ ಸಲ ಗೆದ್ದು ಅಲ್ಲ. ತನ್ನ ಬ್ಯಾಂಕ್ ಖಾತೆಯಲ್ಲಿ ಉಳಿದಿರೋದು 900 ಯೂರೋ ಅಂತ ಅವನೇ ಹೇಳಿದ್ದ. ನಮ್ಮ ಲೆಕ್ಕದಲ್ಲಿ ಸುಮಾರು 80 ಸಾವಿರ ರೂಪಾಯಿ. ಆಗ ಅವನು ಸಿಂಗಲ್ಸ್‌ನಲ್ಲಿ ದೇಶದ ನಂಬರ್ ಒನ್. ವರ್ಷವಿಡೀ ಟೂರ್ ಆಡೋಕೆ ಒಂದು ಕೋಟಿಯ ಹತ್ತಿರ ಬೇಕು, ಗೆದ್ದಿದ್ದೆಲ್ಲ ಅದಕ್ಕೇ ಹೋಗತ್ತೆ. ಫೆಡರರ್ ಹತ್ರ ಸೆಟ್ ಗೆದ್ದವನ ಅಕೌಂಟಲ್ಲಿ 80 ಸಾವಿರ. ನಾನು ಆಗ ಸೆಕೆಂಡ್ ಪಿಯು, ದಿನಾ ಟ್ಯೂಷನ್, ಸಿಇಟಿ ಪುಸ್ತಕದ ರಾಶಿ. ಆ ಸುದ್ದಿ ಓದಿ ನನಗೆ ಆದದ್ದು ಬೇಜಾರಲ್ಲ, ಸಮಾಧಾನ. ಸರಿಯಾದ ಟೈಮಿಗೆ ಬಿಟ್ಟೆ, ದೇಶದ ನಂಬರ್ ಒನ್‌ಗೇ ಹಿಂಗಾದ್ರೆ ನನ್ನ ಪಾಡೇನು ಅಂತ. ಆ ಸುದ್ದಿ ನಾನು ಬರೆದಿದ್ದ ಉತ್ತರಕ್ಕೆ ಯಾರೋ ರೈಟ್ ಹಾಕಿದ ಹಾಗಿತ್ತು.

ಆಮೇಲೆ 2024ರ ಜನವರಿ ಬಂತು.

ಆಸ್ಟ್ರೇಲಿಯನ್ ಓಪನ್. ನಾಗಲ್ ಮೂರು ಸುತ್ತು ಕ್ವಾಲಿಫೈಯಿಂಗ್ ಗೆದ್ದು ಒಳಗೆ ಬಂದ. ಮೊದಲ ಸುತ್ತಲ್ಲಿ ಎದುರಿಗೆ 31ನೇ ಶ್ರೇಯಾಂಕದ ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್. ನಾಗಲ್ 6-4, 6-2, 7-6ರಿಂದ ಗೆದ್ದ. ಗ್ರಾಂಡ್ ಸ್ಲಾಂ ಸಿಂಗಲ್ಸ್‌ನಲ್ಲಿ ಭಾರತದ ಗಂಡಸೊಬ್ಬ ಶ್ರೇಯಾಂಕದ ಆಟಗಾರನನ್ನ ಸೋಲಿಸಿದ್ದು 1989ರ ನಂತರ ಅದೇ ಮೊದಲು. ಆ ವರ್ಷ ಇದೇ ಆಸ್ಟ್ರೇಲಿಯನ್ ಓಪನ್‌ನಲ್ಲಿ ರಮೇಶ್ ಕೃಷ್ಣನ್ ಮ್ಯಾಟ್ಸ್ ವಿಲಾಂಡರ್‌ನ ಸೋಲಿಸಿದ್ರು. ಅಪ್ಪನಿಗೆ ಆಗ ನನ್ನಷ್ಟು ವಯಸ್ಸೂ ಆಗಿರಲಿಲ್ಲ.

ಅದೇ ಟೂರ್ನಮೆಂಟ್ ಮುಗಿಯೋ ಹೊತ್ತಿಗೆ, ಜನವರಿ 27ಕ್ಕೆ, ನಮ್ಮ ಕೊಡಗಿನ ರೋಹನ್ ಬೋಪಣ್ಣ ಮ್ಯಾಥ್ಯೂ ಎಬ್ಡೆನ್ ಜೊತೆ ಡಬಲ್ಸ್ ಗೆದ್ರು. 43ನೇ ವಯಸ್ಸಲ್ಲಿ ಡಬಲ್ಸ್‌ನ ವಿಶ್ವದ ನಂಬರ್ ಒನ್. 19ಕ್ಕೆ ಅಲ್ಕರಾಜ್, 43ಕ್ಕೆ ಬೋಪಣ್ಣ. 2021ರಲ್ಲಿ ತಿಂಗಳುಗಟ್ಟಲೆ ಒಂದು ಮ್ಯಾಚೂ ಗೆಲ್ಲದೆ ಇನ್ನು ಸಾಕು ಅನ್ನೋ ಹಂತಕ್ಕೆ ಬಂದಿದ್ದ ಮನುಷ್ಯ ಅವರು. ಆವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಬೋಪಣ್ಣನ ಬಗ್ಗೆ ಒಂದೇ ಮಾತು ಹೇಳಿದ್ರು, "ಬಿಡಬೇಕು ಅನ್ಸಿದ ದಿನ ಬಿಡಲಿಲ್ಲ ನೋಡು." ನನಗೆ ಹೇಳಿದ್ದಲ್ಲ, ಟಿವಿಗೆ ಹೇಳಿದ್ದು. ಆದ್ರೂ ನನ್ನ ಕೈಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು.

ಫೆಬ್ರವರಿ 11ರ ಭಾನುವಾರ ನಾಗಲ್ ಚೆನ್ನೈ ಓಪನ್ ಗೆದ್ದ. 100 ಪಾಯಿಂಟ್. ಸೋಮವಾರ ರ‍್ಯಾಂಕಿಂಗ್ ಬಂದಾಗ 98. ಜೀವನದಲ್ಲಿ ಮೊದಲನೇ ಸಲ ನೂರರ ಒಳಗೆ. ಅದೇ ವಾರ ಬೆಂಗಳೂರು ಓಪನ್, ಅವನು ಸೀದಾ ಇಲ್ಲಿಗೆ ಬಂದ.

ನನ್ನ ಪಿಯು ಪರೀಕ್ಷೆ ಮಾರ್ಚ್ 1ಕ್ಕೆ. ಮನೆಯಲ್ಲಿ ಟಿವಿ ಕೂಡ ಬಂದ್. ಶನಿವಾರ, 17ನೇ ತಾರೀಕು, ಸೆಮಿಫೈನಲ್. ಬೆಳಗ್ಗೆ ಎದ್ದು ಅಮ್ಮನಿಗೆ ಟ್ಯೂಷನ್ ಅಂತ ಹೇಳಿ ಹೊರಡೋಣ ಅಂತ ಶೂ ಹಾಕ್ತಿದ್ದೆ. ಅಪ್ಪ ಬಾಗಿಲಲ್ಲಿ ನಿಂತಿದ್ರು, ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು.

"ಕಬ್ಬನ್ ಪಾರ್ಕಿಗೆ ತಾನೇ? ನಾನೂ ಬರ್ತೀನಿ."

ದೀಪಾಂಜಲಿ ನಗರದಿಂದ ಕಬ್ಬನ್ ಪಾರ್ಕಿಗೆ ನೇರಳೆ ಲೈನ್, ಎಲ್ಲೂ ಇಳಿದು ಹತ್ತಬೇಕಾಗಿಲ್ಲ. ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ. ಅಲ್ಲಿವರೆಗೆ ರೈಲು ಮೇಲೆ ಹೋಗತ್ತೆ, ತಾರಸಿಯ ಮೇಲೆ ಒಣಗೋಕೆ ಹಾಕಿರೋ ಬಟ್ಟೆ, ಸಿಂಟೆಕ್ಸ್ ಟ್ಯಾಂಕು ಕಾಣತ್ತೆ. ಆಮೇಲೆ ಸುರಂಗ. ಕಿಟಕಿಯಲ್ಲಿ ನಮ್ಮ ಮುಖವೇ ಕಾಣತ್ತೆ. ಅಪ್ಪ ಮಾತಾಡಲಿಲ್ಲ, ನಾನೂ ಆಡಲಿಲ್ಲ.

ಕೋರ್ಟು ಟಿವಿಯಲ್ಲಿ ಕಾಣೋದಕ್ಕಿಂತ ಚಿಕ್ಕದು. ಅಥವಾ ಆಟಗಾರರು ದೊಡ್ಡವರು. ನನಗೆ ನೆನಪಿರೋದು ಸೌಂಡ್. ಚೆಂಡು ರ‍್ಯಾಕೆಟ್‌ಗೆ ತಾಗಿದಾಗ ಬರೋ ಸದ್ದು, ಶೂ ಉಜ್ಜೋ ಸದ್ದು, ಪಾಯಿಂಟ್ ಮುಗಿದ ಮೇಲೆ ಉಸಿರು. ಎದುರಿಗೆ ಇಟಲಿಯ ಸ್ಟೆಫಾನೊ ನಪೊಲಿಟಾನೊ, ಎತ್ತರದ ಆಳು. ನಾಗಲ್ ಪ್ರತಿ ಚೆಂಡಿನ ಹಿಂದೆ ಓಡ್ತಿದ್ದ. ಸಿಗಲ್ಲ ಅಂತ ನಮಗೆಲ್ಲ ಗೊತ್ತಿದ್ದ ಚೆಂಡಿನ ಹಿಂದೆಯೂ. ನಮ್ಮ ಹಿಂದಿನ ಸಾಲಲ್ಲಿ ಒಂದು ಚಿಕ್ಕ ಹುಡುಗಿ "ಕಮಾನ್ ಸುಮಿತ್" ಅಂತ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು.

ಅವನು ಸೋತ. ನಪೊಲಿಟಾನೊ ಮಾರನೇ ದಿನ ಫೈನಲ್ ಕೂಡ ಗೆದ್ದ.

ಹೊರಗೆ ಬಂದು ಕಬ್ಬನ್ ಪಾರ್ಕಿನ ಒಂದು ಬೆಂಚಿನ ಮೇಲೆ ಕೂತೆವು. ಅಪ್ಪ ಸೌತೆಕಾಯಿ ತಂದ್ರು, ಉಪ್ಪು ಖಾರ ಹಾಕಿಸಿ.

"ಸೋತವನಿಗೆ ದುಡ್ಡು ಸಿಗತ್ತಾ?"

"ಸಿಗತ್ತೆ. ಸೆಮಿಫೈನಲ್‌ವರೆಗೆ ಬಂದಿದ್ದಕ್ಕೆ. 25 ಪಾಯಿಂಟೂ ಸಿಗತ್ತೆ."

"ಆ 25 ಎಷ್ಟು ದಿನ ಇರತ್ತೆ?"

"ಮುಂದಿನ ವರ್ಷ ಈ ವಾರದ ತನಕ."

ಅಪ್ಪ ಸ್ವಲ್ಪ ಹೊತ್ತು ಲೆಕ್ಕ ಹಾಕೋರ ಥರ ಸುಮ್ಮನಿದ್ರು. ಆಮೇಲೆ ನನ್ನ ಕಡೆ ನೋಡದೆ ಹೇಳಿದ್ರು. "ನೀನು ಪುಸ್ತಕ ನೋಡಿದ್ದು ನಂಗೆ ಗೊತ್ತಿತ್ತು. ಸೂಟ್‌ಕೇಸ್ ಉಲ್ಟಾ ಇಟ್ಟಿದ್ದೆ ನೀನು."

ನನಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಸೌತೆಕಾಯಿ ತಿಂತಾ ಇದ್ದೆ.

"ನೀನು ಬಿಡ್ತೀನಿ ಅಂದ ದಿನ ನಂಗೆ ಎಷ್ಟು ನಿರಾಳ ಆಯ್ತು ಗೊತ್ತಾ? ಅಬ್ಬಾ, ಮುಗೀತು ಅಂತ. ಅದಕ್ಕೇ ಅಷ್ಟು ಬೈದಿದ್ದು."

ಅಷ್ಟೇ. ಕೈ ಒರೆಸಿಕೊಂಡು ಎದ್ದು, "ನಡಿ, ಫಿಸಿಕ್ಸ್ ಓದ್ಬೇಕು ನೀನು" ಅಂದ್ರು.

ನೀವು ಇಲ್ಲಿಗೆ ಈ ಲೇಖನ ಮುಗೀಬೇಕು ಅಂದ್ಕೊಂಡಿರಬಹುದು. ನಾನೂ ಎರಡು ವರ್ಷ ಹಂಗೇ ಅಂದ್ಕೊಂಡಿದ್ದೆ. ಯಾರಾದ್ರೂ ಫ್ರೆಂಡ್ಸ್ ಕೇಳಿದ್ರೆ ಇಷ್ಟನ್ನೇ ಹೇಳ್ತಿದ್ದೆ. ಅಪ್ಪನ ಸಾಲ, ಮಗನ ತ್ಯಾಗ, ಪಾರ್ಕಿನ ಬೆಂಚು. ಹಾಸ್ಟೆಲ್ ರೂಮಲ್ಲಿ ಹೇಳಿದ್ರೆ ಎಲ್ಲರೂ ಸೈಲೆಂಟ್ ಆಗ್ತಿದ್ರು.

ಆದ್ರೆ ಒಂದು ವಿಷಯ ಬಿಟ್ಟು ಹೇಳ್ತಿದ್ದೆ. ಪುಸ್ತಕ ನೋಡಿದ್ದು ಏಪ್ರಿಲ್‌ನಲ್ಲಿ, ಬಿಟ್ಟಿದ್ದು ಒಂದು ತಿಂಗಳಾದ ಮೇಲೆ. ನಡುವೆ ಒಂದು ಟೂರ್ನಮೆಂಟ್ ಇತ್ತು, 16 ವರ್ಷದ ಒಳಗಿನವರದ್ದು, ಬೇರೆ ಊರಲ್ಲಿ. ಅಪ್ಪ ರಜೆ ಹಾಕಿ ಬಂದಿದ್ರು. ಎದುರಿಗಿದ್ದ ಹುಡುಗ ನನಗಿಂತ ಎರಡು ವರ್ಷ ಚಿಕ್ಕವನು. 6-0, 6-0. ನಲವತ್ತು ನಿಮಿಷ ಕೂಡ ಆಗಲಿಲ್ಲ. ಅವನ ಚೆಂಡು ನನ್ನ ಕಡೆ ಬರೋ ಮುಂಚೆಯೇ ನನಗೆ ಗೊತ್ತಾಗ್ತಿತ್ತು, ಇದು ನನ್ನ ಕೈಲಿ ಆಗಲ್ಲ ಅಂತ. ಎರಡನೇ ಸೆಟ್‌ನಲ್ಲಿ ನಾನು ಓಡೋದನ್ನೇ ನಿಲ್ಲಿಸಿದ್ದೆ. ಎರಡು ಹೆಜ್ಜೆ ಇಟ್ಟು, ಸಿಗಲ್ಲ ಅನ್ನೋ ಥರ ನಿಂತು ಬಿಡ್ತಿದ್ದೆ. ವಾಪಸ್ ಬರೋ ಬಸ್ಸಲ್ಲಿ ಕಿಟಕಿಗೆ ತಲೆ ಇಟ್ಟು ನಿದ್ದೆ ಬಂದವನ ಹಾಗೆ ನಾಟಕ ಮಾಡಿದೆ.

ಹಾಗಾಗಿ, ಸಾಲಕ್ಕೆ ಬಿಟ್ಟೆನೋ ಸೋಲಿಗೆ ಬಿಟ್ಟೆನೋ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಸಾಲ ಇದ್ದಿದ್ದು ನಿಜ. ಆದ್ರೆ ಸೋಲಿಗೆ ಹೆದರಿದವನಿಗೆ ಆ ನೀಲಿ ಪುಸ್ತಕ ಎಷ್ಟು ಒಳ್ಳೆ ಟೈಮಿಗೆ ಸಿಕ್ಕಿತ್ತು ಅಂದ್ರೆ, ಅದನ್ನ ಯೋಚಿಸಿದ್ರೆ ಈಗ ನಾಚಿಕೆ ಆಗತ್ತೆ. ಅಪ್ಪ ಪಾರ್ಕಿನ ಬೆಂಚಲ್ಲಿ ತಮ್ಮ ಅರ್ಧ ಹೇಳಿದ್ರು. ನಾನು ನನ್ನರ್ಧ ಹೇಳಲಿಲ್ಲ. ಫಿಸಿಕ್ಸ್ ಓದೋಕೆ ಎದ್ದು ಬಂದೆ.

ನಾಗಲ್‌ನ ಮುಂದಿನ ಕಥೆ ನಿಮಗೆ ಗೊತ್ತಿರಬಹುದು. 2024ರ ಜೂನಲ್ಲಿ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಇನ್ನೊಂದು ಚಾಲೆಂಜರ್ ಗೆದ್ದ. ಜುಲೈನಲ್ಲಿ 68ನೇ ರ‍್ಯಾಂಕ್, ಅವನ ಜೀವನದ ಅತ್ಯುತ್ತಮ. ಪ್ಯಾರಿಸ್ ಒಲಿಂಪಿಕ್ಸ್ ಆಡಿದ. ಆಮೇಲೆ ಕ್ಯೂ ತನ್ನ ಕೆಲಸ ಮಾಡಿತು. 2025ರ ಫೆಬ್ರವರಿ ಬಂದಾಗ ಚೆನ್ನೈನ 100 ಹೋಯ್ತು, ನಾನೂ ಅಪ್ಪನೂ ನೋಡಿದ್ದ ಬೆಂಗಳೂರಿನ 25 ಹೋಯ್ತು. ಜೂನ್ ಬಂದಾಗ ಹೈಲ್‌ಬ್ರಾನ್ ಹೋಯ್ತು. ಆ ಜಾಗಕ್ಕೆ ಅಷ್ಟು ಹೊಸ ಪಾಯಿಂಟ್ ಬರಲಿಲ್ಲ. 2025ರ ಮಧ್ಯದ ಹೊತ್ತಿಗೆ ಅವನು 200ರ ಆಚೆ. ಕೆಲವರು ಮುಗೀತು ಅಂತ ಕಾಮೆಂಟ್ ಹಾಕಿದ್ರು.

ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಬೀಲ್ ಅನ್ನೋ ಊರಲ್ಲಿ ಡೇವಿಸ್ ಕಪ್. ಫೆಡರರ್‌ನ ದೇಶ. ಮೊದಲ ಮ್ಯಾಚಲ್ಲಿ ಮದುರೈನ ದಕ್ಷಿಣೇಶ್ವರ್ ಸುರೇಶ್, ರ‍್ಯಾಂಕ್ 600ರ ಆಚೆ, ಭಾರತಕ್ಕೆ ಮೊದಲ ಸಲ ಆಡ್ತಿರೋ ಹುಡುಗ, ಗೆದ್ದು ಬಿಟ್ಟ. ನಾಗಲ್ ತನ್ನ ಎರಡೂ ಸಿಂಗಲ್ಸ್ ಗೆದ್ದ. ಭಾರತ 3-1. ಯುರೋಪಿನ ನೆಲದಲ್ಲಿ ಯುರೋಪಿನ ತಂಡವನ್ನ ಡೇವಿಸ್ ಕಪ್‌ನಲ್ಲಿ ಸೋಲಿಸಿದ್ದು 1993ರ ನಂತರ ಅದೇ ಮೊದಲು. ರ‍್ಯಾಂಕಿಂಗ್ ಪಟ್ಟಿ ನೋಡಿದ್ರೆ ಆ ದಿನ ಆಗಬಾರದಿತ್ತು.

ಆ ಮ್ಯಾಚನ್ನ ನಾನು ಮೊಬೈಲಲ್ಲಿ ನೋಡಿದೆ, ಮಾರನೇ ವಾರ ಇಂಟರ್ನಲ್ಸ್ ಇಟ್ಕೊಂಡು. ನೋಡ್ತಾ ನೋಡ್ತಾ ನನಗೆ ಕಂಡಿದ್ದು ಒಂದೇ. ಅವನು ಈಗಲೂ ಹಾಗೇ ಓಡ್ತಿದಾನೆ. 98 ಆಗಿದ್ದಾಗ ಕಬ್ಬನ್ ಪಾರ್ಕಲ್ಲಿ ಹೆಂಗೆ ಓಡಿದ್ನೋ, 200ರ ಆಚೆ ಬಿದ್ದ ಮೇಲೂ ಹಂಗೇ. ಬಾಕಿ ಎಲ್ಲ ಬಂತು, ಹೋಯ್ತು. ರ‍್ಯಾಂಕ್, ದುಡ್ಡು, ಪೇಪರ್‌ನ ಫೋಟೋ. ಸಿಗದ ಚೆಂಡಿನ ಹಿಂದೆ ಓಡೋದು ಮಾತ್ರ 52 ವಾರಕ್ಕೆ ಬಿದ್ದು ಹೋಗಿರಲಿಲ್ಲ. ನಾನು ಆವತ್ತು ಆ ಟೂರ್ನಮೆಂಟಲ್ಲಿ 6-0, 6-0 ಸೋತಿದ್ದಕ್ಕೆ ಈಗ ನನಗೆ ನೋವಿಲ್ಲ. ಆ ಹುಡುಗ ನನಗಿಂತ ಎಷ್ಟೋ ಚೆನ್ನಾಗಿ ಆಡ್ತಿದ್ದ, ಓಡಿದ್ರೂ ಸೋಲ್ತಿದ್ದೆ. ಎರಡು ಹೆಜ್ಜೆಗೆ ನಿಂತು ಬಿಟ್ಟೆನಲ್ಲ, ಅದು ನೋವು. ಅಪ್ಪ ಬೇಲಿಯ ಆಚೆ ನಿಂತು ಅದನ್ನ ನೋಡಿದ್ರು, ಬಸ್ಸಲ್ಲಿ ಒಂದು ಮಾತೂ ಕೇಳಲಿಲ್ಲ.

ನವೆಂಬರ್ 1ಕ್ಕೆ ಬೋಪಣ್ಣ ನಿವೃತ್ತಿ ಹೇಳಿದ್ರು. ರಾಜ್ಯೋತ್ಸವದ ದಿನ, ನಾವು ಕಾಲೇಜಲ್ಲಿ ಬಾವುಟ ಕಟ್ತಿದ್ವಿ. ಅಪ್ಪ ಫೋನ್ ಮಾಡಿ ಸುದ್ದಿ ಹೇಳಿದ್ರು. ಆಮೇಲೆ, "ನಿನ್ನ ರ‍್ಯಾಕೆಟ್ ಬೀರುವಿನ ಮೇಲೆ ಧೂಳು ತಿಂತಿದೆ, ಸ್ಟ್ರಿಂಗ್ ಕಿತ್ತಿದೆ. ಮಾರಲಾ, ಇಡಲಾ?" ಅಂದ್ರು. ಇಡಿ ಅಂದೆ. ಹೋದ ತಿಂಗಳು ಊಟದ ದುಡ್ಡಲ್ಲಿ ಉಳಿಸಿ ಸ್ಟ್ರಿಂಗ್ ಹಾಕಿಸಿದೆ, 900 ಆಯ್ತು. ಈಗ ಭಾನುವಾರ ಮನೆಗೆ ಹೋದಾಗ ಒಂದು ಬಯಲಿನ ಗೋಡೆಗೆ ಹೊಡೀತೀನಿ. ಪಕ್ಕದಲ್ಲಿ ಕ್ರಿಕೆಟ್ ಆಡೋ ಹುಡುಗರು "ಅಂಕಲ್, ಬಾಲ್" ಅಂತ ಕೂಗ್ತಾರೆ. 19ಕ್ಕೇ ಅಂಕಲ್.

ಇದನ್ನ ಇಂಗ್ಲಿಷಲ್ಲಿ ಬರೆದಿದ್ರೆ ನನಗೆ ಅರ್ಧ ಗಂಟೆಯ ಕೆಲಸ. ಕನ್ನಡದಲ್ಲಿ ಮೂರು ವಾರ ಆಯ್ತು, ರೂಮ್‌ಮೇಟ್ ಎರಡು ಸಲ ಕಾಗುಣಿತ ತಿದ್ದಿದಾನೆ. ಆದ್ರೆ ಅಪ್ಪ ಓದೋದು ಕನ್ನಡ. ಸಂಚಿಕೆ ಬಂದ ದಿನ ಲಿಂಕ್ ಕಳಿಸ್ತೀನಿ. ಅವರು ಮೊಬೈಲನ್ನ ದೂರ ಹಿಡ್ಕೊಂಡು, ಒಂದೊಂದೇ ಸಾಲು ಓದ್ತಾರೆ. ಟೂರ್ನಮೆಂಟಿನ ಭಾಗ ಬಂದಾಗ ಏನಂತಾರೋ ಗೊತ್ತಿಲ್ಲ. ಏನೂ ಅನ್ನದೇ ಇರಬಹುದು. ಲೆಕ್ಕದ ಪುಸ್ತಕದಲ್ಲಿ ನನ್ನ ಪುಟ ಇನ್ನೂ ಇದೆಯಾ ಅಂತ ಈ ಸಲ ಮನೆಗೆ ಹೋದಾಗ ಕೇಳ್ಬೇಕು. ಇದ್ರೆ, ಸ್ಟ್ರಿಂಗ್ 900 ಅಂತ ನಾನೇ ಬರೀತೀನಿ.